ಅಳಿಯನ ಊದ್ ಅತ್ತರು

ಹೋಳೂರಿನ ಪಿಳ್ಳಮ್ಮ ರೇಷ್ಮೆ ಹುಳ ಸಾಕಲು ಶುರು ಮಾಡಿದ ಮೇಲೆ ತಲೆಗೆ ಮಲ್ಲಿಗೆ ಮುಡಿದವಳಲ್ಲ. ಘಾಟು, ಘಮಲು ಯಾವುದೂ ಹುಳಕ್ಕೆ ಆಗದು. ಹುಳ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಗಂಡ ಬೀಡಿ ಸೇದಬೇಕೆಂದರೂ ಊರಾಚೆ ಹೋಗಬೇಕು.

ಅಂಥ ಮನೆಗೆ ಮಾಲೂರಿನ ಅಳಿಯ ಲೋಹಿತ್ ಊದ್ ಅತ್ತರು ಪೂಸಿಕೊಂಡು ಬಂದ. "ದುಬೈ ಶೇಖ್‌ಗಳು ಹಾಕ್ಕೊಳ್ಳೋದು ಅತ್ತೆ. ಮೊದ್ಲು ಲವಂಗದ ಖಾರ, ಆಮೇಲೆ ಮರದ ಘಮ. ಎರಡು ದಿನ ಆದ್ರೂ ಹೋಗಲ್ಲ," ಎಂದು ಮಣಿಕಟ್ಟನ್ನು ಅವಳ ಮೂಗಿಗೇ ಹಿಡಿದ. ಚಿತೆಯ ಕಟ್ಟಿಗೆಗೆ ಯಾರೋ ಮಸಾಲೆ ಸವರಿದಂತಿತ್ತು. ಪಿಳ್ಳಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಮನೆಗೆ ಬಂದ ಅಳಿಯ. "ಚೆನ್ನಾಗೈತೆ. ಹುಳದ ಮನೆ ಕಡೆ ಮಾತ್ರ ಹೋಗ್ಬೇಡಿ," ಎಂದಷ್ಟೇ ಹೇಳಿ ಹುಳಕ್ಕೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು.

ಅಳಿಯ ಹುಳದ ಮನೆಗೇ ಹೋದ. ಒಳಗಿನ ಹಿಕ್ಕೆ ವಾಸನೆಗೆ ಮೂಗು ಮುರಿದು, ಅತ್ತೆಗೆ ಉಪಕಾರವಾಗಲೆಂದು ತಟ್ಟೆ ತಟ್ಟೆಗೂ ಆ ದುಬಾರಿ ಅತ್ತರನ್ನು ಚಿಮುಕಿಸಿದ. ಸೊಪ್ಪಿನ ಹೊರೆ ಹೊತ್ತು ಬಂದ ಪಿಳ್ಳಮ್ಮನಿಗೆ ಬಾಗಿಲಲ್ಲೇ ಅತ್ತರಿನ ಘಾಟು ಮೂಗಿಗೆ ರಾಚಿತು.

ಗೂಡು ಕಟ್ಟಬೇಕಿದ್ದ ಹುಳಗಳು ಮರುದಿನ ಹಸಿರು ಕಕ್ಕಿ ಸತ್ತುಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಕೊಳೆತು ನಾರತೊಡಗಿದವು. ಪಿಳ್ಳಮ್ಮ ಅವನ್ನು ಮಂಕರಿಗೆ ಬಳಿದು ತುಂಬಿಕೊಂಡು ತಿಪ್ಪೆಗೆ ಹೊರಟಳು. ಜಗಲಿಯಲ್ಲಿ ಕೂತಿದ್ದ ಅಳಿಯ ಅತ್ತರಿನ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು, "ಥೂ, ಏನ್ ಗಬ್ಬು ಅತ್ತೆ ಇದು! ಆ ಕಡೆಯಿಂದ ತಗೊಂಡ್ ಹೋಗಬಾರ್ದಾ?" ಎಂದ.

ಪಿಳ್ಳಮ್ಮ ತಿಪ್ಪೆಗೆ ಹೋಗಲಿಲ್ಲ. ಮಂಕರಿಯನ್ನು ಅವನ ಮಡಿಲಿಗೇ ಮಗುಚಿದಳು.

"ಮೂಸಿ ನೋಡಿ ಅಳಿಯಂದ್ರೇ. ಎರಡು ದಿನ ಆದ್ರೂ ಹೋಗಲ್ಲ."