ಗಾಂಧಿ ಬಜಾರಿನ ಫೋಟೊದಲ್ಲಿ ಅಮ್ಮ

ಮೂರು ವರ್ಷದ ಹಿಂದೆ, ಡಿಸೆಂಬರಿನ ಎರಡನೇ ಶನಿವಾರ. ನಮ್ಮ ಬ್ಯಾಂಕ್ ಶಾಖೆಯವರೆಲ್ಲ ಸೇರಿ ಬಸವನಗುಡಿಯಲ್ಲಿ ಹೊಸದಾಗಿ ತೆರೆದಿದ್ದ, ಬೆಂಗಳೂರಿನ ಇತಿಹಾಸ ತೋರಿಸುವ ಸಣ್ಣ ಮ್ಯೂಸಿಯಂ ನೋಡಲು ಹೊರಟಿದ್ದೆವು. ಮನೆಯವರನ್ನೂ ಕರೆತನ್ನಿ ಎಂದಿದ್ದರು. ಚಾಮರಾಜಪೇಟೆಯಲ್ಲಿ ನನ್ನ ಜೊತೆಗೇ ಇರುವ ಅಮ್ಮ, "ನಾನೂ ಬರ್ತೀನಿ ಕಣೆ, ಮನೇಲಿ ಕೂತು ಕೂತು ಸಾಕಾಗಿದೆ" ಎಂದಳು. ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಯಾಕೆ ಹುಡುಕಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನಮ್ಮ ಪುಟ್ಟಮ್ಮ ಪೌರಕಾರ್ಮಿಕಳಾಗಿದ್ದವಳು. ಇಪ್ಪತ್ತೆಂಟು ವರ್ಷ ಬಸವನಗುಡಿಯ ರಸ್ತೆಗಳನ್ನು ಗುಡಿಸಿ ನಿವೃತ್ತಳಾದಳು. ಆಫೀಸಿನಲ್ಲಿ ಕೇಳಿದವರಿಗೆ ನಾನು, "ಕಾರ್ಪೊರೇಷನ್ನಿನಲ್ಲಿ ಕೆಲಸದಲ್ಲಿದ್ದರು" ಎಂದಷ್ಟೇ ಹೇಳುತ್ತಿದ್ದೆ. ಕ್ಲರ್ಕ್ ಇರಬೇಕು ಎಂದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಮ್ಯೂಸಿಯಂನ ಮೊದಲ ಕೋಣೆಯಲ್ಲಿ ಹಳೆಯ ಬೀದಿದೀಪ, ಪೇಟೆಯ ನಕ್ಷೆ ಇದ್ದವು. ಎರಡನೆಯದರ ತುಂಬ ಫೋಟೊಗಳು. ಅಮ್ಮ ಒಂದು ದೊಡ್ಡ ಕಪ್ಪುಬಿಳುಪು ಫೋಟೊದ ಮುಂದೆ ನಿಂತಳು. ಗಾಂಧಿ ಬಜಾರಿನ ಬೆಳಗು. ಹೂವಿನ ಬುಟ್ಟಿಗಳು, ಒರಗಿಸಿಟ್ಟ ಸೈಕಲ್ಲು. ಬಲತುದಿಯಲ್ಲಿ ಉದ್ದ ಕೋಲಿನ ಪೊರಕೆ ಹಿಡಿದ ಒಬ್ಬ ಹೆಂಗಸು ಅರ್ಧ ತಿರುಗಿ ನೋಡುತ್ತಿದ್ದಳು.

"ಸುಧಾ, ಇಲ್ನೋಡೆ! ಇದು ನಾನೇ ಅಲ್ವಾ? ಕಾಲು ನೋಡು" ಎಂದು ಅಮ್ಮ ಜೋರಾಗಿಯೇ ಕೂಗಿದಳು.

ಆ ಹೆಂಗಸಿನ ಎಡಗಾಲಿಗೆ ಬಟ್ಟೆ ಸುತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಕಸದೊಳಗಿನ ಗಾಜು ಹೊಕ್ಕು ಅಮ್ಮ ಬಹಳ ದಿನ ಕುಂಟಿದ್ದಳು. ಅನುಮಾನವೇ ಇರಲಿಲ್ಲ, ಅಮ್ಮನೇ. ಆದರೆ ನಾನು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ತಿರುಗಿ ನೋಡಿದೆ.

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಶೈಲಜಾ ಮೇಡಂ ಬಂದು, "ಯಾರು ಸಿಕ್ಕಿದ್ರಮ್ಮ ಫೋಟೊದಲ್ಲಿ?" ಎಂದು ನಗುತ್ತಾ ಕೇಳಿದರು.

ಅಮ್ಮ ಒಮ್ಮೆ ನನ್ನ ಮುಖ ನೋಡಿದಳು. "ಯಾರೂ ಇಲ್ಲ ಮೇಡಂ. ಗೊತ್ತಿರೋರ ಥರ ಕಂಡ್ರು. ಕಣ್ಣು ಸರಿಯಾಗಿ ಕಾಣಲ್ಲ ನಂಗೆ" ಎಂದು ಮುಂದಿನ ಫೋಟೊಗೆ ನಡೆದುಬಿಟ್ಟಳು.

ಆರು ತಿಂಗಳ ಹಿಂದಷ್ಟೇ ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

"ಮೇಡಂ, ಅದು ನಮ್ಮಮ್ಮನೇ. ಈ ರಸ್ತೇನೆಲ್ಲಾ ಅವರೇ ಗುಡಿಸ್ತಿದ್ದಿದ್ದು" ಎಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿಬಿಟ್ಟಿತ್ತು. ಎಲ್ಲರೂ ತಿರುಗಿ ನೋಡಿದರು.

ಮೇಡಂ ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು. ಆಮೇಲೆ ಅಮ್ಮನ ಹತ್ತಿರ ಹೋಗಿ, "ಕಾಲಿಗೆ ಏನಾಗಿತ್ತಮ್ಮ?" ಎಂದರು.

"ಸೋಡಾ ಬಾಟ್ಲಿ ಗಾಜು ಮೇಡಂ. ಬಟ್ಟೆ ಸುತ್ಕೊಂಡೇ ಕೆಲ್ಸಕ್ಕೆ ಬಂದ್ಬಿಡ್ತಿದ್ದೆ" ಎಂದ ಅಮ್ಮ, ಅಲ್ಲಿಂದ ಶುರುವಾದವಳು ಯಾವ ಅಂಗಡಿ ಎಲ್ಲಿತ್ತು, ಯಾವ ಮರದ ಎಲೆ ಜಾಸ್ತಿ ಉದುರುತ್ತಿತ್ತು ಎಂದೆಲ್ಲ ಹೇಳುತ್ತಲೇ ಹೋದಳು. ಮ್ಯೂಸಿಯಂನ ಹುಡುಗಿಯೊಬ್ಬಳು ಅಮ್ಮನ ಹೆಸರು ಕೇಳಿ ಬರೆದುಕೊಂಡಳು. ನಮ್ಮವರಲ್ಲಿ ಒಬ್ಬಿಬ್ಬರು ಮಾತ್ರ ಮುಂದಿನ ಕೋಣೆಗೆ ಹೋದರು.

ವಾಪಸು ಬರುವಾಗ ಆಟೊದಲ್ಲಿ ಕೇಳಿದೆ: "ಯಾಕಮ್ಮ ಹಂಗೆ ಸುಳ್ಳು ಹೇಳ್ದೆ?"

"ಇದೇನು ಹೊಸದಾ?" ಎಂದಳು ಅಮ್ಮ, ಸಾಮಾನ್ಯ ದನಿಯಲ್ಲೇ. "ನೀನು ಫ್ರೆಂಡ್ಸ್ ಜೊತೆ ಸ್ಕೂಲಿಗೆ ಹೋಗೋ ಹೊತ್ತಿಗೆ ನಾನು ಪಕ್ಕದ ಕ್ರಾಸ್‌ಗೆ ಹೋಗ್ಬಿಡ್ತಿದ್ದೆ. ನೀವು ದಾಟಿದ್ಮೇಲೆ ಬಂದು ಆ ರಸ್ತೆ ಗುಡಿಸ್ತಿದ್ದೆ."

ನನ್ನ ಶಾಲೆ ಇದ್ದದ್ದು ಅಮ್ಮ ಗುಡಿಸುತ್ತಿದ್ದ ಬೀದಿಗಳ ನಡುವೆಯೇ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳು ನನ್ನ ಎದುರಿಗೆ ಬರಲಿಲ್ಲ. ಅದನ್ನು ನಾನು ನನ್ನ ಅದೃಷ್ಟ ಎಂದುಕೊಂಡಿದ್ದೆ.