ಸುಣ್ಣದ ಗೆರೆಯ ಆಚೆ ತ್ರೈರಾಶಿಕ

"ಅಲ್ಲೇ ನಿಂತ್ಕೊ! ಒಳಕ್ಕೆ ಬರ್ಬ್ಯಾಡ ಕಣವ್ವ, ಬರ್ಬ್ಯಾಡ!"

ಗುಂಡ್ಲುಪೇಟೆ ಹತ್ತಿರದ ಈ ಹಳ್ಳಿಗೆ ಬಂದ ಎರಡನೆಯ ದಿನ ನನಗೆ ಸಿಕ್ಕ ಸ್ವಾಗತ ಇದು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳು ಅಕ್ಷತಾ. ನಮ್ಮ ವಿಜಯಪುರದ ಕಡೆ ಹೊಸಬರು ಬಾಗಿಲಿಗೆ ಬಂದರೆ ಮೊದಲು ನೀರು, ಆಮೇಲೆ ಚಹಾ, ಅದಾದ ಮೇಲೆ ಯಾರು ಎತ್ತ ಎಂಬ ವಿಚಾರಣೆ. ಇಲ್ಲಿ ನೆರೆಮನೆಯ ಮಾದೇವಕ್ಕ ಹಿತ್ತಲಿನ ಉದ್ದನೆಯ ಶೆಡ್ಡಿನೊಳಗಿಂದ ಕೈ ಬೀಸಿ ನಮ್ಮನ್ನು ಓಡಿಸಿದರು. ಹೊಸ್ತಿಲಲ್ಲಿ ಬಿಳಿ ಸುಣ್ಣದ ಗೆರೆ ಎಳೆದಿತ್ತು. ಹೋಳಿಗೆಯನ್ನು ನಾವಿಬ್ಬರೇ ತಿಂದೆವು. ನಾನು ಒಂದು ವಾರ ಆಕೆಯತ್ತ ಮುಖ ತಿರುಗಿಸಿಯೂ ನೋಡಲಿಲ್ಲ.

ನನ್ನ ಗಂಡನಿಗೆ ಅರಣ್ಯ ಇಲಾಖೆಯ ನೌಕರಿ. ಬಂಡೀಪುರದ ಕಡೆಗೆ ವರ್ಗವಾದ ಮೇಲೆ ವಾರಕ್ಕೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಅಕ್ಷತಾ ನಾಲ್ಕು ವರ್ಷದಲ್ಲಿ ಮೂರು ಶಾಲೆ ಕಂಡಿದ್ದಳು. ಪ್ರತಿ ಸಲವೂ ಗಣಿತದಲ್ಲಿ ಅರ್ಧ ಪಾಠ ಅಲ್ಲಿ ಬಿಟ್ಟುಹೋಗುತ್ತಿತ್ತು, ಇನ್ನರ್ಧ ಇಲ್ಲಿ ಮೊದಲೇ ಮುಗಿದಿರುತ್ತಿತ್ತು. ನಾಲ್ಕನೆಯ ಶಾಲೆಯ ಹೆಸರೆತ್ತಿದಾಗ ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ಇನ್ನೊಂದು ಸಾಲಿ ಬ್ಯಾಡವ್ವ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಒಂದು ವರ್ಷ ಮನೆಯಲ್ಲೇ ಕಲಿಸೋಣ ಎಂದು ನಾನೇ ನಿರ್ಧಾರ ಮಾಡಿದೆ. ಗಣಿತದಲ್ಲಿ ಕಂತುಕಂತಾಗಿ ಪಾಸಾದ ನಾನು!

ವಿಜಯಪುರದಲ್ಲಿ ನನ್ನ ಮಾವನವರು ನಿವೃತ್ತ ಗಣಿತದ ಮಾಸ್ತರು. ಸುದ್ದಿ ತಿಳಿದ ಕೂಡಲೇ ಫೋನು ಬಂತು.

"ಮನ್ಯಾಗ ಕುಂತು ಮೊಬೈಲ್ ನೋಡೂದಕ್ಕ ಸಾಲಿ ಅಂತಾರೇನವ್ವ? ಆತು, ದೀಪಾವಳಿ ಮುಗದ ಮ್ಯಾಲ ಬರ್ತೀನಿ. ತ್ರೈರಾಶಿಕ ಕೇಳ್ತೀನಿ. ಬರಲಿಲ್ಲಂದ್ರ ಕೂಸಿನ್ನ ಕರ್ಕೊಂಡು ಬಂದು ಇಲ್ಲೇ ಸಾಲಿಗೆ ಹಾಕ್ತೀನಿ."

ಇಷ್ಟು ತೂಕಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ಆ ಹಳೆಯ ಲೆಕ್ಕದ ಮೇಲೆ ಮಗಳು ನನ್ನ ಬಳಿ ಇರುತ್ತಾಳೋ ಇಲ್ಲವೋ ಎಂಬುದು ನಿಂತಿತು. ಗಂಡ ಅಪ್ಪನ ಮಾತಿಗೆ ಹೂಂ ಎಂದುಬಿಟ್ಟರು.

ಶಾಲೆ ಶುರುವಾದದ್ದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ, ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿದ್ದರಿಂದ. ಬೆಳಿಗ್ಗೆ ವಿಜ್ಞಾನದ ವಿಡಿಯೊ, ಆಮೇಲೆ ಲೆಕ್ಕದ ಆಪ್. ಉತ್ತರ ಸರಿಯಾದರೆ ಪರದೆಯ ಮೇಲೆ ನಕ್ಷತ್ರ ಉದುರುತ್ತವೆ. ಅಕ್ಷತಾಳಿಗೆ ರಾಶಿರಾಶಿ ನಕ್ಷತ್ರ ಬಿದ್ದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ದಿನ ಹಿಂದೆ ನಿಂತು ನೋಡಿದರೆ, ಈ ಮಹಾರಾಯಿತಿ ಲೆಕ್ಕವನ್ನು ಓದುತ್ತಲೇ ಇರಲಿಲ್ಲ; ನಾಲ್ಕು ಉತ್ತರಗಳನ್ನೂ ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯುವ ಪ್ರಯೋಗ ಮಾಡಿದೆವು. ಮಾದೇವಕ್ಕನ ಹಸು ಬಂದು ಕೋಲನ್ನು ಕೆಡವಿತು.

ಉಳಿದ ಕಲಿಕೆಯೆಲ್ಲ ನನಗೇ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಮುಸುಕಿನ ಜೋಳದ ಹಿಟ್ಟು ಕೊಟ್ಟರು. ನಮ್ಮ ರೊಟ್ಟಿಯ ಜೋಳ ಇಲ್ಲಿ ಅಪರೂಪ. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದವಳು ಇಲ್ಲಿ ಕೇರಳದ ಕಡೆ ಹೋಗುವ ಲಾರಿಗಳ ಸದ್ದಿಗೆ ಏಳುತ್ತೇನೆ. ಮುದ್ದೆಯನ್ನು ಅಗಿಯದೆ ನುಂಗಲು ಎರಡು ತಿಂಗಳು ಹಿಡಿಯಿತು. ಮಾತನಾಡುವವರಿಲ್ಲದೆ ಮಧ್ಯಾಹ್ನಗಳಲ್ಲಿ ನಾನು ಗೋಡೆಗಡಿಯಾರಕ್ಕೆ ಬೈಯುತ್ತಿದ್ದೆ.

ಮಾದೇವಕ್ಕ ತಾವಾಗಿಯೇ ಬಂದದ್ದು ಆ ಮೊದಲ ವಾರದ ಕೊನೆಗೆ, ಬಟ್ಟಲಲ್ಲಿ ಅವರೆಕಾಳು ಸಾರು ಹಿಡಿದು.

"ಅವತ್ತು ಬೇಜಾರ್ ಮಾಡ್ಕಂಡ್ಬುಟ್ಟೇನೋ. ರೇಷ್ಮೆ ಉಳ ಕಣವ್ವ. ಗೂಡು ಕಟ್ಟೋ ಮುಂಚಿನ ಕೊನೇ ಊಟಕ್ಕೆ ಬಂದಿದ್ವು. ಹೊರಗಿನ್ ಕಾಲು ಒಳಕ್ಕೆ ಬಂದ್ರೆ ರೋಗ ಬತ್ತದೆ. ನಮ್ ಮಗಳು ಬಂದ್ರೂ ಅಲ್ಲೇ ನಿಲ್ಲುಸ್ತೀನಿ."

ನನಗೆ ನಾಚಿಕೆಯಾಯಿತು. ಒಂದು ವಾರದ ಮುನಿಸನ್ನು ಸಾರಿನ ಜೊತೆ ನುಂಗಿದೆ. ಅಲ್ಲಿಂದ ಆಕೆ ನನಗೆ ಅಕ್ಕ.

ಮುಂದಿನ ಬೆಳೆಯಲ್ಲಿ ಅವರು ಅಕ್ಷತಾಳಿಗೆ ಚಪ್ಪಲಿ ಡಬ್ಬಿಯಲ್ಲಿ ಐವತ್ತು ಹುಳ ಕೊಟ್ಟರು, ಎಲೆ ಕೊಯ್ಯಲು ಹಿಪ್ಪುನೇರಳೆ ತೋಟವನ್ನೂ ತೋರಿಸಿದರು. ವಿಡಿಯೊ ನೋಡಿ ನಾವು ಯೋಜನೆ ಹಾಕಿದೆವು: ದಿನವೂ ತೂಗುವುದು, ಚೌಕುಳಿ ಹಾಳೆಯಲ್ಲಿ ಗ್ರಾಫ್ ಬರೆಯುವುದು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಹುಳ ಇಟ್ಟರೆ ಸೊನ್ನೆ. ಎರಡಿಟ್ಟರೂ ಸೊನ್ನೆ. ಅಕ್ಷತಾ ಐವತ್ತನ್ನೂ ಒಟ್ಟಿಗೆ ಸುರಿದಳು. ಎರಡು ಗ್ರಾಂ. "ಇದನ್ನ ಐವತ್ತರಿಂದ ಭಾಗಿಸಿದ್ರ ಒಂದರ ತೂಕ ಅಲ್ಲೇನವ್ವ?" ಎಂದಳು. ಸರಾಸರಿಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಎದ್ದುಹೋಗಿ ಅವಳಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಮೂರು ದಿನದಲ್ಲಿ ಗ್ರಾಫ್ ಒಂಬತ್ತು ಗ್ರಾಂಗೆ ಏರಿತು. ಅದರ ಫೋಟೊ ಮಾವನವರಿಗೆ ಕಳಿಸಿದೆ. "ಛಲೋ" ಎಂದು ಉತ್ತರ ಬಂತು. ಅವರ ಬಾಯಿಂದ ಛಲೋ ಬರುವುದು ಸುಮ್ಮನೆ ಮಾತಲ್ಲ. ನನಗೆ ಆಸೆ ಹುಟ್ಟಿತು.

ನಾಲ್ಕನೆಯ ದಿನ ಗೆರೆ ಏರಲಿಲ್ಲ. ಹುಳಗಳು ತಲೆಯೆತ್ತಿ ಅಲ್ಲಾಡದೆ ನಿಂತಿದ್ದವು, ಎಲೆ ಮುಟ್ಟಲಿಲ್ಲ. "ಇನ್ನೊಮ್ಮೆ ತೂಗು, ಎಲಿ ಬದಲು ಮಾಡು" ಎಂದು ನಾನೇ ಹೇಳಿದೆ. ಮೂರು ಸಲ ಎತ್ತಿ ತೂಗಿಸಿದೆ. ಮಾರನೆಯ ದಿನ ಹತ್ತೊಂಬತ್ತು ಹುಳ ಅರ್ಧ ಕಳಚಿದ ಚರ್ಮದಲ್ಲೇ ಸಿಕ್ಕಿಕೊಂಡು ಸತ್ತಿದ್ದವು.

"ಅಯ್ಯೋ, ಜ್ವರಕ್ಕೋಗಿದ್ವು ಕಣಮ್ಮಿ!" ಮಾದೇವಕ್ಕ ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು. ಹುಳ ಹಳೆಯ ಚರ್ಮ ಬಿಡುವ ಹೊತ್ತಿಗೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಆಗ ಅದು ಸಣ್ಣ ಎಳೆಯಿಂದ ಕಾಲನ್ನು ಕೆಳಗೆ ಕಟ್ಟಿಕೊಂಡು ನಿಲ್ಲುತ್ತದೆ. ಕಿತ್ತು ಎತ್ತಿದರೆ ಚರ್ಮ ಕಳಚಲು ಹಿಡಿತವೇ ಇಲ್ಲ. "ಇದ್ನೂ ಯೋಳ್ಕೊಡ್ಬೇಕಾ ಅನ್ಕಂಡು ಸುಮ್ಕಿದ್ಬುಟ್ಟೆ. ನಂದೇ ತಪ್ಪು. ಮೊದಲ್ನೇ ಬೆಳೇಲಿ ನಾನೂ ಹಿಂಗೇ ಕಿತ್ತಾಕಿ ಅರ್ಧ ಮನೆ ಉಳ ಕಳ್ಕಂಡಿದ್ದೆ. ಅಳ್ಬ್ಯಾಡ ಬುಡು."

ಅಕ್ಷತಾ ಸತ್ತವನ್ನು ಒಂದೊಂದಾಗಿ ಎಣಿಸಿ ಕಾಗದದ ಮೇಲೆ ಇಟ್ಟಳು. ಮೂಗು ಸೊರಗುಟ್ಟುತ್ತ, "ನೂರಕ್ಕ ಮೂವತ್ತೆಂಟು ಸತ್ತಾವು ಅವ್ವಾ" ಎಂದಳು. ಆಪ್ ಇಲ್ಲ, ನಕ್ಷತ್ರ ಇಲ್ಲ, ನಾನು ಕೇಳಲೂ ಇಲ್ಲ. ಆ ಉತ್ತರ ಸರಿಯಾಗಿತ್ತು. ನನಗೆ ಖುಷಿಪಡಲು ಮನಸ್ಸು ಬರಲಿಲ್ಲ. ಮೂರು ಶಾಲೆಗಳಿಂದ ಇವಳನ್ನು ಹೀಗೇ ಕಿತ್ತು ಎತ್ತಿದ್ದು ನೆನಪಾಯಿತು.

ಮಾದೇವಕ್ಕ ಅವಳ ಕೈ ಹಿಡಿದರು. "ಕಾಲು ತೊಳ್ಕಂಡು ಬಾ. ಜ್ವರ ಅಂದ್ರೆ ಏನು ಅಂತ ತೋರುಸ್ತೀನಿ." ಹಾಗೆ ನನ್ನ ಮಗಳು ಸುಣ್ಣದ ಗೆರೆ ದಾಟಿ ಹುಳದ ಮನೆಯೊಳಗೆ ಹೋದಳು. ನನಗೆ ಇವತ್ತಿಗೂ ಆ ಅನುಮತಿ ಇಲ್ಲ. "ನೀನು ಒಗ್ಗರಣೆ ಘಾಟು ಒತ್ಕಂಡ್ ಬತ್ತೀಯ" ಎಂದು ಅಕ್ಕ ನಗುತ್ತಾರೆ.

ಅಲ್ಲಿಂದ ತಾರಸಿಯ ಶಾಲೆಗೂ ಜೀವ ಬಂತು. ಹುಳದ ಮನೆಯಲ್ಲಿ ಕಂಡದ್ದನ್ನು ವಿಡಿಯೊದಲ್ಲಿ ಹುಡುಕುತ್ತಾಳೆ, ವಿಡಿಯೊದಲ್ಲಿ ಕೇಳಿದ್ದನ್ನು ಅಲ್ಲಿ ಹೋಗಿ ಪರೀಕ್ಷಿಸುತ್ತಾಳೆ. ಜ್ವರದಿಂದ ಬಹುಪಾಲು ಹುಳ ಎದ್ದ ಮೇಲೇ ಸೊಪ್ಪು ಹಾಕಬೇಕು. ಎಷ್ಟು ಎದ್ದಿವೆ ಎಂದು ಅಕ್ಕ ಕಣ್ಣಳತೆಯಲ್ಲೇ ಹೇಳುತ್ತಾರೆ. ಅಕ್ಷತಾ ಕಡ್ಡಿಯ ಚೌಕಟ್ಟೊಂದನ್ನು ಹುಳ ಹರಡಿದ ಹಾಸಿಗೆಯ ಮೇಲೆ ಹಿಡಿದು, ಅದರೊಳಗೆ ಎದ್ದವೆಷ್ಟು, ಮಲಗಿದವೆಷ್ಟು ಎಂದು ಎಣಿಸುತ್ತಾಳೆ. ಬಹಳ ಸಲ ಇಬ್ಬರ ಉತ್ತರವೂ ಒಂದೇ. ಒಂದಕ್ಷರ ಓದದ ಆ ಹೆಂಗಸಿನ ಕಣ್ಣಿನೊಳಗೆ ಎಷ್ಟು ಗಣಿತವಿದೆ ಎಂದು ನಾನು ಬೆರಗಾಗಿ ನೋಡುತ್ತೇನೆ.

ದೀಪಾವಳಿ ಮುಗಿಯಿತು. ಹೇಳಿದಂತೆ ಮಾವನವರು ಬಂದರು. ಮೊಮ್ಮಗಳ ದನಿ ಕೇಳಿದ್ದೇ ಚೀಲ ಹಿಡಿದು ನೇರ ಹಿತ್ತಲಿಗೆ ನಡೆದರು. ನಾನು ತಡೆಯುವಷ್ಟರಲ್ಲಿ ಒಳಗಿಂದ ಕೂಗು ಬಂತು.

"ಅಲ್ಲೇ ನಿಂತ್ಕೊ ಅಜ್ಜಾ! ಒಳಕ್ಕ ಬರಬ್ಯಾಡ! ಉಳ ಜ್ವರಕ್ಕೋಗವೆ!"

ಅರ್ಧ ನಮ್ಮೂರ ಮಾತು, ಅರ್ಧ ಈ ಊರಿನದು. ಮಾವನವರ ಮುಖ ಅವತ್ತಿನ ನನ್ನ ಮುಖದ ಹಾಗೇ ಆಯಿತು.

"ಬೇಜಾರ್ ಮಾಡ್ಕಬ್ಯಾಡಿ ಸೋಮಿ, ಒಸಿ ತಡೀರಿ" ಎಂದು ಅಕ್ಕನೂ ಒಳಗಿಂದ ಹೇಳಿದರು.

ಮಾಸ್ತರು ಹೊರಗಿನ ಕಲ್ಲಿನ ಮೇಲೆ ಕೂತರು. ಪರೀಕ್ಷೆಯನ್ನು ಅಲ್ಲಿಂದಲೇ ಶುರುಮಾಡಿದರು.

"ಕೇಳಿಲ್ಲಿ. ಐವತ್ತು ಹುಳಕ್ಕ ದಿನಕ್ಕ ಇನ್ನೂರು ಗ್ರಾಂ ತೊಪ್ಪಲಾ. ನಾನೂರು ಹುಳಕ್ಕ ಹತ್ತು ದಿನಕ್ಕ ಎಷ್ಟು?"

ನಾನು ಬಗ್ಗಿ ಗೆರೆಯ ಆಚೆ ಇಣುಕಿದೆ.

"ಹದಿನಾರು ಕಿಲೋ" ಎಂದಳು ಅಕ್ಷತಾ. ಮಾವನವರು ತಲೆದೂಗುವಷ್ಟರಲ್ಲಿ ಮತ್ತೆ ದನಿ ಬಂತು. "ಆದ್ರ ನಿನ್ನ ಲೆಕ್ಕ ತಪ್ಪು ಅಜ್ಜಾ. ಮೊದಲ ದಿನ ತಿಂದಷ್ಟೇ ದಿನಾ ತಿನ್ನಂಗಿಲ್ಲ, ಹೆಚ್ಚಾಕ್ಕೋತ ಹೋಗ್ತದ. ನಡುವ ಜ್ವರ ಬಂದ್ರ ಏನೂ ತಿನ್ನಂಗಿಲ್ಲ. ಅವತ್ತು ಸೊಪ್ಪೂ ಹಾಕಬಾರದು, ಮುಟ್ಟಲೂಬಾರದು."

ಮಾವನವರು ಕಲ್ಲಿನಿಂದ ಎದ್ದು ಸುಣ್ಣದ ಗೆರೆಯ ತನಕ ಬಂದು ನಿಂತರು. "ಮೂವತ್ತು ವರ್ಷ ಕಲಿಸೀನಿ. ನಿನ್ನ ಲೆಕ್ಕ ತಪ್ಪು ಅಂತ ಒಬ್ಬರೂ ಅಂದಿರಲಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಎರಡು ದಿನ ಇದ್ದರು. ಹೊರಡುವ ದಿನ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುವಾಗ ಜೇಬಿನಿಂದ ರೈಲು ಟಿಕೆಟ್ ತೆಗೆದು ನನ್ನ ಕೈಗಿತ್ತರು. ಅದರಲ್ಲಿ ಎರಡು ಹೆಸರಿದ್ದವು: ಅವರದು, ಅಕ್ಷತಾಳದು.

"ಊರಿಂದ ಹೊಂಡೂ ಮುಂದ ತಗಿಸಿದ್ದೆ" ಎಂದರು. "ಇರ್ಲಿ. ಕೂಸು ಇಲ್ಲೇ ಇರ್ಲಿ, ಮತ್ತ ಇಲ್ಲಿಂದ ಕಿತ್ತು ಎಬ್ಬಿಸಬ್ಯಾಡ್ರಿ. ಆ ಸೀಟಿನ ಮ್ಯಾಲ ನನ್ನ ಚೀಲ ಇಟ್ಕೋತೀನಿ."

ಗೆದ್ದೆ ಎಂದು ಕುಣಿಯಬೇಕಿತ್ತು. ಬಸ್ಸು ತಿರುವು ದಾಟಿ ಮರೆಯಾದ ಮೇಲೆ ನನಗೆ ಅನ್ನಿಸಿದ್ದೇ ಬೇರೆ: ಆ ಖಾಲಿ ಸೀಟಿನಲ್ಲಿ ನಾನು ಹೋಗಿ ಕೂರಬೇಕು. ಬೆಳಗಾಗುವ ಹೊತ್ತಿಗೆ ಕಿಟಕಿಯಲ್ಲಿ ಕರಿನೆಲ ಕಾಣಬೇಕು, ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಬೇಕು. ಮಗಳು ಇಲ್ಲಿರಲೆಂದು ಇಷ್ಟೆಲ್ಲ ಹೋರಾಡಿದವಳು ನಾನೇ, ಹೋಗಬೇಕೆಂದು ಕಣ್ಣೀರು ತುಂಬಿಕೊಂಡು ನಿಂತವಳೂ ನಾನೇ.

ಅಕ್ಷತಾ ನನ್ನ ಸೆರಗು ಜಗ್ಗಿದಳು. "ನಡಿಯವ್ವ, ಉಳ ಎದ್ದಿರ್ತವೆ. ಸೊಪ್ಪಿನ ಹೊತ್ತಾತು."

ನಾನು ಕಣ್ಣೊರೆಸಿಕೊಂಡು ಅವಳ ಹಿಂದೆ ನಡೆದೆ.