ಕಾಕು ಕೊಟ್ಟ ಥಂಡಿಯ ಔಷಧ

ಕಳೆದ ವಾರ ಬೆಳಗಾವಿಯ ಆಸ್ಪತ್ರೆಯಲ್ಲಿ ನರ್ಸ್ ನನ್ನ ಮಗಳ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸವದತ್ತಿಯಲ್ಲಿ ನಮ್ಮ ಮಗ್ಗಲು ಮನೆಯಲ್ಲಿದ್ದ ಹಿರಿಯಾಕೆ, ಚಿಕ್ಕಮ್ಮನ ಹಾಗೆ ನಾನು ಕಾಕು ಎನ್ನುತ್ತಿದ್ದವಳು, ಕಣ್ಣ ಮುಂದೆ ಬಂದು ನಿಂತಳು...

ಮದುವೆಯಾಗಿ ಆ ಓಣಿಗೆ ಹೋದಾಗ ನನಗೆ ತಾಯಿ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಇಬ್ಬರ ಕೆಲಸವನ್ನೂ ಕಾಕುವೇ ವಹಿಸಿಕೊಂಡಳು. ಬೈಗುಳವೂ ಆಕೆಯದೇ, ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿಯೂ ಆಕೆಯದೇ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಸೆರೆ ಕುಡಿದವರನ್ನು ಮನೆಕಟ್ಟೆ ಹತ್ತಿಸದ ಹೆಂಗಸು. ಆದರೆ ಶಾವಿಗೆ ಡಬ್ಬಿಯ ಹಿಂದೆ ಒಂದು ಬ್ರಾಂದಿ ಬಾಟಲಿ ಇಟ್ಟಿದ್ದಳು. ಆಕೆಯ ಬಾಯಲ್ಲಿ ಅದು ಸೆರೆಯಲ್ಲ, ಥಂಡಿಯ ಔಷಧ.

ನಾನು ಬಸಿರಾದ ಮೊದಲ ತಿಂಗಳುಗಳಲ್ಲಿ ಚಳಿ ಜೋರಾಗಿತ್ತು, ಕೆಮ್ಮು ಬಿಡಲೇ ಇಲ್ಲ. ದಿನಾ ಸಂಜೆ ಬಿಸಿನೀರಿಗೆ ಬೆಲ್ಲ ಹಾಕಿ, ಆ ಔಷಧ ಬೆರೆಸಿ ತರುತ್ತಿದ್ದಳು.

"ಮೂಗ ಮುಚ್ಚಿ ಕುಡದ ಬಿಡವಾ. ಕೂಸಿಗೂ ಬೆಚ್ಚಗ ಆಕ್ಕೈತಿ."

ಕುಡಿದೆ. ನಿಜ ಹೇಳಬೇಕೆಂದರೆ, ಯಾರೋ ಎದುರು ಕುಳಿತು ಕುಡಿಸುವ ಆ ಸುಖ ನನಗೆ ಬೇಕಾಗಿತ್ತು.

ಮಗಳು ಹೃದಯದಲ್ಲಿ ತೂತಿನೊಂದಿಗೆ ಹುಟ್ಟಿದಳು. ಬಸಿರಿನಲ್ಲಿ ಮದ್ಯ ಕುಡಿದಿದ್ದಿರೇನು ಎಂದು ಡಾಕ್ಟರ್ ಕೇಳಿದಾಗ ಉರಿದುಬಿದ್ದೆ. "ನಮ್ಮಂಥಾ ಮನಿತನದಾಗ ಏನ್ ಮಾತರಿ ಅದು?" ಅನ್ನುತ್ತಿದ್ದಂತೆಯೇ ಆ ಸಂಜೆಗಳು ನೆನಪಾಗಿ, ಬೆಲ್ಲದ ನೀರಿನ ಬ್ರಾಂದಿಯ ವಿಷಯ ಹೇಳಿದೆ. ಕೂಸಿನ ಹೃದಯ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ, ತಾಯಿ ಕುಡಿದದ್ದು ಕೂಸಿಗೂ ಮುಟ್ಟುತ್ತದೆ, ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ ಎಂದು ಅವರು ತಿಳಿಸಿ ಹೇಳಿದರು. ಆದರೆ ಈ ತೂತು ಅದರಿಂದಲೇ ಆಯಿತೆಂದು ಯಾರೂ ಹೇಳಲಾರರು ಎಂದೂ ಅಂದರು.

ಈ ಕೊನೆಯ ಮಾತನ್ನು ನಾನು ಕಾಕುವಿಗೆ ಹೇಳಲಿಲ್ಲ. ಓಣಿಗೆಲ್ಲ ಕೇಳುವಂತೆ, "ನನ್ನ ಕೂಸಿನ ಎದಿ ನೀವ ಕೆಡಿಸಿದ್ರಿ" ಎಂದು ಕೂಗಿದೆ.

ಕಾಕು ತಿಂಗಳೊಳಗೆ ರಾಮದುರ್ಗಕ್ಕೆ, ಮಗಳ ಮನೆಗೆ ಹೊರಟುಹೋದಳು. ಆಪರೇಷನ್ ಆಗಿ ನನ್ನ ಕೂಸು ಚೇತರಿಸಿಕೊಂಡಿತು. ಹೋಗಿ ತಪ್ಪಾಯಿತು ಅನ್ನಬೇಕು, ಅನ್ನಬೇಕು ಎಂದುಕೊಳ್ಳುತ್ತಲೇ ವರ್ಷಗಳು ಸರಿದವು... ಕಡೆಗೂ ಹೋದಾಗ ಕಾಕು ಇರಲಿಲ್ಲ.

"ಅವ್ವ ಕಡೀತನಕಾ ಯಾರ ಕೂಸನ್ನೂ ಎತ್ತಿಕೊಳ್ಳಲಿಲ್ಲರಿ," ಎಂದಳು ಆಕೆಯ ಮಗಳು. "ನನ್ನ ಮಗಾ ಹುಟ್ಟಿದಾಗೂ ಸೆರಗಿನ್ಯಾಗ ಕೈ ಇಟಗೊಂಡ ಕುಂತಬಿಟ್ಲು."

ಎಷ್ಟು ಬೇಕೆನಿಸುತ್ತದೆ ಆ ಕೈ ಈಗ, ಹೇಳಲಾರೆ.

ಕಳೆದ ವಾರ ಎಲ್ಲ ತಪಾಸಣೆ ಮುಗಿಸಿ ಡಾಕ್ಟರ್ ನಕ್ಕರು. ಹುಡುಗಿ ಇನ್ನು ಖೋಖೋ ಆಡಬಹುದಂತೆ. ಮಗಳು ಕುಣಿಯುತ್ತ, "ಮೊದಲ ಯಾರಿಗೆ ಹೇಳೂನವ್ವಾ?" ಎಂದಳು. ಕಾಕು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಅವಳಪ್ಪನ ನಂಬರ್ ಒತ್ತಿದೆ.